ಏಷ್ಯದ ರಾಷ್ಟ್ರಗಳ ಏಳುಬೀಳು ಮತ್ತು ನಮ್ಮ ಕಣದ ಬೆಲೆ



ನಮ್ಮ ಬೆಳೆಗಾರರ ಮನೆಗಳಲ್ಲಿ ಮಗನೋ, ಮಗಳೋ, ಅಳಿಯನೋ ಬೆಂಗಳೂರಿನಲ್ಲಿದ್ದಾರೆ ಎಂದಾಗ "ಬೆಂಗಳೂರಿನಲ್ಲಿ ಎಲ್ಲಿ?" ಎಂದು ಕೇಳಿದರೆ, ಮೊದಲಿನಂತೆ ಮಲ್ಲೇಶ್ವರ, ಬಸವನಗುಡಿ ಎಂಬ ಉತ್ತರ ಬರುವುದು ಅಪರೂಪ. ಮಾರತಹಳ್ಳಿ, ಮಹದೇವಪುರ, ದೊಡ್ಡನೆಕ್ಕುಂದಿ ಎಂಬ ಹೆಸರುಗಳೇ ಹೆಚ್ಚು. ದೊಡ್ಡನೆಕ್ಕುಂದಿಯು ನಗರದ ಪೂರ್ವದಿಕ್ಕಿಗೆ ಕೆರೆಯೊಂದನ್ನು ಹಿಡಿದು ಬೆಳೆದ ಹಳ್ಳಿ. ಈಗ ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಹೊರವರ್ತುಲ ರಸ್ತೆ ಇದೆ, ರಸ್ತೆಯ ಬದಿಗೆ ಗಾಜಿನ ಗೋಡೆಯ ಎತ್ತರದ ಕಟ್ಟಡಗಳಿವೆ. ಅಂಥ ಒಂದು ಕಟ್ಟಡದಲ್ಲಿ ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಕಂಪೆನಿಯ ಸಂಶೋಧನಾ ಸಂಸ್ಥೆ ನಡೆಯುತ್ತಿದೆ. ಅಲ್ಲಿಂದ ಕೆಲವೇ ಕಿಲೋಮೀಟರು ವೈಟ್‌ಫೀಲ್ಡ್ ಕಡೆಗೆ ಹೋದರೆ, ಸಿಂಗಪುರದ ಸಹಭಾಗಿತ್ವದಲ್ಲಿ 1994ರಲ್ಲಿ ಆರಂಭಿಸಿದ ಐ.ಟಿ.ಪಿ.ಎಲ್. ಸಿಗುತ್ತದೆ. ನಮ್ಮ ಮಕ್ಕಳಲ್ಲಿ ಹಲವರಿಗೆ ಅನ್ನ ಕೊಟ್ಟಿರುವುದು ಇಂಥ ಸಂಸ್ಥೆಗಳೇ.

ಏಷ್ಯದ ಬೆಳೆಯುತ್ತಿರುವ ರಾಷ್ಟ್ರಗಳ ಏಳಿಗೆಯು ದೊಡ್ಡನೆಕ್ಕುಂದಿಯಲ್ಲಿ ಬಂದು ಇಳಿಯಿತು. ಅದೇ ರಾಷ್ಟ್ರಗಳ ಬಿಕ್ಕಟ್ಟು ಬಂದು ಇಳಿದದ್ದು ನಮ್ಮ ಕಾಫಿ ಕಣದಲ್ಲಿ. 1997ರಿಂದ 2002ರವರೆಗಿನ ವರ್ಷಗಳನ್ನು ನೆನಪಿಸಿಕೊಂಡರೆ ಈ ಮಾತು ಉತ್ಪ್ರೇಕ್ಷೆಯಲ್ಲವೆಂದು ತಿಳಿಯುತ್ತದೆ. ಒಂದೇ ಮನೆಯಲ್ಲಿ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ವರ್ಷವೇ ತಂದೆಯು ತೋಟದ ಸಾಲದ ಕಂತು ಕಟ್ಟಲಾರದೆ ಬ್ಯಾಂಕಿನ ಬಾಗಿಲಿಗೆ ಹೋದ ಉದಾಹರಣೆಗಳು ಮಲೆನಾಡಿನಲ್ಲೂ ಕೊಡಗಿನಲ್ಲೂ ಇವೆ. ದೂರದ ಬ್ಯಾಂಕಾಕಿನಲ್ಲಿಯೋ ಜಕಾರ್ತದಲ್ಲಿಯೋ ನಡೆದ ಸಂಗತಿ ನಮ್ಮ ಚೀಲದ ಬೆಲೆಯನ್ನು ಹೇಗೆ ಮುಟ್ಟುತ್ತದೆ ಎಂಬುದೇ ಈ ಸಂಚಿಕೆಯ ಪಾಠ.

ಕೊಳಗದ ಲೆಕ್ಕ

ಮೊದಲು ನಮ್ಮ ದೇಶದ್ದೇ ಅನುಭವ. ಹೊರದೇಶದಿಂದ ಎಣ್ಣೆ, ಗೊಬ್ಬರ, ಯಂತ್ರ ತರಬೇಕಾದರೆ ಡಾಲರು ಬೇಕು. ಡಾಲರು ಬರುವುದು ನಾವು ಮಾರಿದ ವಸ್ತುಗಳಿಂದ, ಇಲ್ಲವೇ ಸಾಲದಿಂದ. 1991ರಲ್ಲಿ ಭಾರತದ ಕೈಯಲ್ಲಿ ಸುಮಾರು ಎರಡು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ವಿನಿಮಯ ಉಳಿದಿತ್ತು. ಆ ವರ್ಷದ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಒಟ್ಟು ಸುಮಾರು 67 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಒತ್ತೆಯಾಗಿಡಬೇಕಾಯಿತು. ಜುಲೈ 1 ಮತ್ತು 3ರಂದು ಎರಡು ಹೆಜ್ಜೆಗಳಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ಅಲ್ಲಿಯವರೆಗೆ ಸುಮಾರು 21 ರೂಪಾಯಿಗೆ ಸಿಗುತ್ತಿದ್ದ ಡಾಲರು 26 ರೂಪಾಯಿ ಸಮೀಪಕ್ಕೆ ಹೋಯಿತು. ಕಾಫಿ ಬೆಳೆಗಾರರಿಗೆ ಅದೇ ಹೊತ್ತಿನಲ್ಲಿ ಇನ್ನೆರಡು ಪೆಟ್ಟುಗಳೂ ಬಿದ್ದವು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿಯು 1989ರ ಜುಲೈಯಲ್ಲಿ ನಿಂತುಹೋಗಿ ಜಗತ್ತಿನ ಬೆಲೆ ಅರ್ಧಕ್ಕೆ ಇಳಿದಿತ್ತು. ರೂಪಾಯಿ ವ್ಯಾಪಾರದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ಇಲ್ಲವಾಯಿತು.

ಆ ಬಿಕ್ಕಟ್ಟಿನ ಮಗುವೇ ಮುಕ್ತ ಮಾರಾಟ. ಕಾಫಿ ಮಂಡಳಿಯ ಪೂಲ್‌ಗೆ ಕಾಫಿ ಕೊಟ್ಟು, ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಹಣ ಪಡೆಯುವ ಪದ್ಧತಿಯು 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ಣವಾಗಿ ಮುಗಿಯಿತು. ಕೊನೆಯ ಕಂತಿಗಾಗಿ ವರ್ಷಗಟ್ಟಲೆ ಕಾದವರಿಗೆ ಇದು ಬಿಡುಗಡೆಯೇ ಆಗಿತ್ತು, ಇಂಥ ಬಿಡುಗಡೆಯನ್ನು ನಾವೇ ಕೇಳಿಕೊಂಡಿದ್ದೆವು. ಆದರೆ ಪೂಲ್ ಎಂಬುದು ಬೇಲಿಯೂ ಆಗಿತ್ತು. ಬೇಲಿ ತೆಗೆದ ಮೇಲೆ ಲಂಡನ್ನಿನ ರೋಬಸ್ಟಾ ದರವೂ ನ್ಯೂಯಾರ್ಕಿನ ಅರೇಬಿಕಾ ದರವೂ ನೇರವಾಗಿ ಅಂಗಳಕ್ಕೆ ಬರತೊಡಗಿದವು. ಮೊದಲು ಬಂದದ್ದು ಒಳ್ಳೆಯ ದರ. 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಿದ್ದು ಬೆಲೆ ಜಿಗಿಯಿತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್ ದಾಟಿತು. ಜೀಪಿನ ಪಕ್ಕದಲ್ಲಿ ಕಾರು ನಿಂತಿತು, ಹಳೆ ಗಿಡ ಕಿತ್ತು ಹೊಸ ಗಿಡ ನೆಟ್ಟರು, ಪಕ್ಕದ ತೋಟ ಮಾರಾಟಕ್ಕಿದೆಯೆಂದರೆ ಸಾಲ ಮಾಡಿ ಕೊಂಡರು.

ಇದೇ ವರ್ಷಗಳಲ್ಲಿ ಥಾಯ್ಲೆಂಡಿನಲ್ಲಿ ನಡೆಯುತ್ತಿದ್ದುದೂ ಇದರಂಥದ್ದೇ. ಹತ್ತು ವರ್ಷ ಸತತವಾಗಿ ವೇಗದಿಂದ ಬೆಳೆದ ದೇಶವದು. ಅಲ್ಲಿಯ ಬ್ಯಾಂಕುಗಳೂ ಫೈನಾನ್ಸ್ ಕಂಪೆನಿಗಳೂ ಹೊರದೇಶದಿಂದ ಡಾಲರಿನಲ್ಲಿ ಅಲ್ಪಾವಧಿ ಸಾಲ ತಂದು ಬ್ಯಾಂಕಾಕಿನ ಕಟ್ಟಡಗಳ ಮೇಲೆ ಹಾಕಿದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಂಡಿಯಿಂದ ಮೂರು ತಿಂಗಳ ಮುಂಗಡ ತಂದು ಅಡಿಕೆ ಸಸಿ ನೆಟ್ಟಂತೆ. ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು, ಮಂಡಿಯವರು ಕೇಳುವುದು ಮುಂದಿನ ದೀಪಾವಳಿಗೆ.

ಅದಕ್ಕಿಂತ ದೊಡ್ಡ ತೊಡಕು ಸಾಲದ ಅಳತೆಯಲ್ಲಿತ್ತು. ಹಿಂದೆ ಭತ್ತದ ಸಾಲವನ್ನು ಕೊಳಗದಲ್ಲಿ ಅಳೆದು ಕೊಟ್ಟು ಕೊಳಗದಲ್ಲೇ ಹಿಂದಕ್ಕೆ ಪಡೆಯುತ್ತಿದ್ದರಷ್ಟೆ. ಕೊಟ್ಟ ಕೊಳಗ ಚಿಕ್ಕದು, ಪಡೆಯುವ ಕೊಳಗ ದೊಡ್ಡದು ಎಂದಾದರೆ ಸಾಲಗಾರನ ಗತಿ ಏನು? ಥಾಯ್ ಕಂಪೆನಿಗಳು ಸಾಲ ತಂದಾಗ ಡಾಲರಿಗೆ ಸುಮಾರು 25 ಬಾತ್ ಇತ್ತು. ಸರ್ಕಾರವು ಆ ದರವನ್ನು ಹಿಡಿದು ನಿಲ್ಲಿಸಲು ತನ್ನ ಖಜಾನೆಯ ಡಾಲರನ್ನೆಲ್ಲ ಚೆಲ್ಲಿ, ಇನ್ನು ಸಾಗದೆಂದು 1997ರ ಜುಲೈ 2ರಂದು ಕೈಬಿಟ್ಟಿತು. 1998ರ ಜನವರಿಯ ಹೊತ್ತಿಗೆ ಡಾಲರಿಗೆ 50 ಬಾತ್ ಮೀರಿತ್ತು. ಬಡ್ಡಿ ಬಿಡಿ, ಅಸಲೇ ಇಮ್ಮಡಿಯಾಯಿತು.

ಇಂಡೋನೇಷ್ಯದ ಸ್ಥಿತಿ ಇನ್ನೂ ಕೆಟ್ಟದಾಯಿತು. ಡಾಲರಿಗೆ ಸುಮಾರು 2,400 ಇದ್ದ ರುಪಿಯಾ 1998ರ ಜೂನಿನಲ್ಲಿ 16,000 ದಾಟಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಬಂತು, ಅದರೊಂದಿಗೆ ಷರತ್ತುಗಳೂ ಬಂದವು. ಎಚ್ಚರಿಕೆಯಿಲ್ಲದೆ 16 ಬ್ಯಾಂಕುಗಳನ್ನು ಮುಚ್ಚಿದ್ದರಿಂದ ಉಳಿದ ಬ್ಯಾಂಕುಗಳ ಮುಂದೆಯೂ ಜನ ಸಾಲು ನಿಂತರು. ಇಂಧನದ ಬೆಲೆ ಏರಿಸಿದಾಗ ಗಲಭೆಗಳಾಗಿ, 32 ವರ್ಷ ಆಳಿದ ಸುಹಾರ್ತೋ 1998ರ ಮೇ 21ರಂದು ರಾಜೀನಾಮೆ ಕೊಟ್ಟರು. ಆ ಒಂದೇ ವರ್ಷದಲ್ಲಿ ದೇಶದ ಉತ್ಪನ್ನ ಶೇಕಡ 13ರಷ್ಟು ಕುಗ್ಗಿತು. ಕುಸಿತದ ಕಾರಣಗಳನ್ನು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ರೋಗಿಗೆ ಕೊಟ್ಟ ಔಷಧಿಯೂ ಕಾಯಿಲೆಯನ್ನು ಹೆಚ್ಚಿಸಿತು ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ನಿಧಿಯ ಮಾತು ಕೇಳದೆ 1998ರ ಸೆಪ್ಟೆಂಬರಿನಲ್ಲಿ ಹಣದ ಹೊರಹರಿವಿಗೆ ತಡೆಯೊಡ್ಡಿ, ಡಾಲರಿಗೆ 3.80 ರಿಂಗಿಟ್ ಎಂದು ಕಟ್ಟಿಹಾಕಿದ ಮಲೇಷ್ಯವೂ ಚೇತರಿಸಿಕೊಂಡಿತಲ್ಲ!

ಪರರ ನಾಣ್ಯ ಬಿದ್ದರೆ ನಮಗೇನು?

ಇಲ್ಲಿ ಸದಸ್ಯರು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಇಂಡೋನೇಷ್ಯವು ನಮ್ಮಂತೆಯೇ ರೋಬಸ್ಟಾ ಮತ್ತು ಕಾಳುಮೆಣಸು ಬೆಳೆಯುವ ದೇಶ. ಸುಮಾತ್ರದ ಲಾಂಪುಂಗ್ ಪ್ರಾಂತದ ಬೆಳೆಗಾರನೂ ನಮ್ಮಂತೆ ಸಣ್ಣ ಹಿಡುವಳಿಯವನೇ. ಲೆಕ್ಕಕ್ಕೆಂದು ಕೆಲವು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ.

ಒಂದು ಟನ್ ರೋಬಸ್ಟಾಕ್ಕೆ 1,500 ಡಾಲರ್ ಇದ್ದಾಗ, ಡಾಲರಿಗೆ 2,400 ರುಪಿಯಾದಂತೆ ಅವನಿಗೆ 36 ಲಕ್ಷ ರುಪಿಯಾ ಬರುತ್ತಿತ್ತು. ನಮ್ಮವರಿಗೆ ಡಾಲರಿಗೆ 36 ರೂಪಾಯಿಯಂತೆ 54,000 ರೂಪಾಯಿ. ಈಗ ಬೆಲೆ 1,000 ಡಾಲರಿಗೆ ಇಳಿಯಿತು ಎಂದುಕೊಳ್ಳಿ. ಅಷ್ಟರಲ್ಲಿ ಅವನ ನಾಣ್ಯ ಡಾಲರಿಗೆ 8,000 ಆಗಿದೆ, ನಮ್ಮದು 43 ಆಗಿದೆ. ಅವನಿಗೆ 80 ಲಕ್ಷ ರುಪಿಯಾ ಬಂತು, ಮೊದಲಿಗಿಂತ ಇಮ್ಮಡಿಗೂ ಹೆಚ್ಚು. ನಮಗೆ ಬಂದದ್ದು 43,000 ರೂಪಾಯಿ, ಮೊದಲಿಗಿಂತ 11,000 ಕಡಿಮೆ. ಒಂದೇ ಹಡಗಿನಲ್ಲಿ ಹೋದ ಒಂದೇ ತರದ ಕಾಫಿ, ಒಬ್ಬನಿಗೆ ಸುಗ್ಗಿ, ಇನ್ನೊಬ್ಬನಿಗೆ ನಷ್ಟ. ಅವನ ಅಕ್ಕಿ, ಗೊಬ್ಬರಗಳ ಬೆಲೆಯೂ ಏರಿದ್ದರಿಂದ ಆ ಲಾಭವೆಲ್ಲ ಅವನ ಕೈಯಲ್ಲಿ ಉಳಿಯಲಿಲ್ಲ ನಿಜ. ಆದರೆ ಬೆಲೆ ಇಳಿಯಿತೆಂದು ಮಾರುವುದನ್ನು ನಿಲ್ಲಿಸುವ ಕಾರಣ ಅವನಿಗಿರಲಿಲ್ಲ. ಬೆಲೆ ಇಳಿದಾಗ ಮಾಲು ಕಡಿಮೆಯಾಗಿ ಬೆಲೆ ತಾನೇ ಮೇಲೇಳುತ್ತದೆ ಎಂದು ನಾವು ಕೇಳಿ ಬೆಳೆದ ನಿಯಮ, ನಾಣ್ಯ ಬಿದ್ದ ದೇಶದಲ್ಲಿ ಕೆಲಸ ಮಾಡುವುದಿಲ್ಲ.

ಹಾಗೆಂದು 1997ರ ಜುಲೈಯಲ್ಲಿ ಬಾತ್ ಬಿದ್ದ ಮರುದಿನವೇ ನಮ್ಮ ಬೆಲೆ ಬೀಳಲಿಲ್ಲ. ಆ ವರ್ಷ ಎಲ್ ನಿನೊ ಬರದಿಂದ ಇಂಡೋನೇಷ್ಯದಲ್ಲಿ ಬೆಳೆ ಕಡಿಮೆಯಾಗಿ 1998ರಲ್ಲಿ ರೋಬಸ್ಟಾ ದರ ಚೆನ್ನಾಗಿಯೇ ಇತ್ತು. ಏಷ್ಯದ ಬಿಕ್ಕಟ್ಟು ನಮಗೇನೂ ಮಾಡದು ಎಂದು ಹಲವರು ನೆಮ್ಮದಿಯಿಂದಿದ್ದರು. ಆದರೆ ಹಣ ಹೂಡಿದವರ ಭಯ ಒಂದು ದೇಶದಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು. 1998ರ ಆಗಸ್ಟ್ 17ರಂದು ರಷ್ಯ ತನ್ನ ಸಾಲ ತೀರಿಸಲಾರೆನೆಂದಿತು. ಡಾಲರಿಗೆ 6 ಇದ್ದ ರೂಬಲ್ ಕೆಲವೇ ವಾರಗಳಲ್ಲಿ 20ರ ಸಮೀಪಕ್ಕೆ ಹೋಯಿತು. ರಷ್ಯದವರು ಇನ್ನೂ ನಮ್ಮ ಕಾಫಿಯ ಗಿರಾಕಿಗಳಾಗಿದ್ದರು. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ನಾಣ್ಯವಾದ ರಿಯಾಲನ್ನು ಕೈಬಿಟ್ಟಿತು; 1.2 ಇದ್ದದ್ದು ತಿಂಗಳೊಳಗೆ 2ರ ಸಮೀಪಕ್ಕೆ ಹೋಯಿತು. ಜಗತ್ತಿನ ಅತಿದೊಡ್ಡ ಕಾಫಿ ದೇಶದ ಬೆಳೆಗಾರನಿಗೆ ಡಾಲರ್ ಬೆಲೆ ಮೂರನೆಯ ಒಂದು ಭಾಗ ಇಳಿದರೂ ಮನೆಗೆ ಬರುವ ಹಣ ಹಾಗೆಯೇ ಇತ್ತು. ಬ್ಯಾಂಕಾಕಿನಲ್ಲಿ ಹೊತ್ತಿದ ಬೆಂಕಿ ಮಾಸ್ಕೋ ಮತ್ತು ಬ್ರೆಜಿಲ್ ಸುತ್ತಿ ಒಂದೂವರೆ ವರ್ಷದ ನಂತರ ನಮ್ಮ ಊರಿಗೆ ತಲುಪಿತು.

ಭಾರತ ಆಗ ಏಕೆ ಉರುಳಲಿಲ್ಲ ಎಂದು ಕೇಳಬಹುದು. ಹೊರದೇಶದ ಹಣ ಇಷ್ಟಬಂದಂತೆ ಒಳಬಂದು ಹೊರಹೋಗಲು ನಮ್ಮಲ್ಲಿ ಅವಕಾಶವಿರಲಿಲ್ಲ, ಅಲ್ಪಾವಧಿ ವಿದೇಶಿ ಸಾಲವೂ ಕಡಿಮೆ ಇತ್ತು. 1991ರ ಪೆಟ್ಟಿನ ನೆನಪು ಹಸಿಯಾಗಿತ್ತು. ರೂಪಾಯಿ ವರ್ಷದೊಳಗೆ 36ರಿಂದ 42–43ಕ್ಕೆ ಜಾರಿತು, ಅಷ್ಟೆ. ದೇಶಕ್ಕೆ ಇದು ಒಳ್ಳೆಯದೇ ಆಯಿತು. ರಫ್ತಿನ ಬೆಳೆ ಬೆಳೆಯುವವನಿಗೆ ಮಾತ್ರ, ಸುತ್ತಲಿನವರೆಲ್ಲರ ನಾಣ್ಯ ಬಿದ್ದು ತನ್ನದು ನಿಂತದ್ದರಿಂದ, ಸ್ಪರ್ಧೆಯಲ್ಲಿ ಭಾರ ಹೊತ್ತು ಓಡಿದಂತಾಯಿತು.

ಒಬ್ಬರ ಏಳಿಗೆ

ಇಷ್ಟೂ ಹೇಳಿದ ಮೇಲೆ, 2001ರ ಪಾತಾಳಕ್ಕೆ ನಾಣ್ಯಗಳ ಕುಸಿತವೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಕಾರಣ ಯಾವ ಬಿಕ್ಕಟ್ಟೂ ಅಲ್ಲ, ವಿಯೆಟ್ನಾಮಿನ ಏಳಿಗೆ. ದೀರ್ಘ ಯುದ್ಧದಿಂದ ಬಳಲಿದ್ದ ಆ ದೇಶ 1986ರಲ್ಲಿ "ದೋಯ್ ಮೋಯ್" ಎಂಬ ಸುಧಾರಣೆಯನ್ನು ಕೈಗೊಂಡು, ರೈತರಿಗೆ ಜಮೀನನ್ನು ಬಳಸುವ, ಬೆಳೆದದ್ದನ್ನು ಮಾರುವ ಹಕ್ಕು ಕೊಟ್ಟಿತು. ಬಯಲುಸೀಮೆಯ ಜನ ಡಾಕ್ ಲಾಕ್ ಮೊದಲಾದ ಮಧ್ಯದ ಮಲೆಗಳಿಗೆ ಹೋಗಿ ರೋಬಸ್ಟಾ ನೆಟ್ಟರು. ನೆರಳು ಕಡಿಮೆ, ನೀರಾವರಿ ಹೆಚ್ಚು, ಗೊಬ್ಬರ ಧಾರಾಳ. 1990ರಲ್ಲಿ 1 ಲಕ್ಷ ಟನ್ನಿಗೂ ಕಡಿಮೆ ಇದ್ದ ಅವರ ಬೆಳೆ 2000ದಲ್ಲಿ 8 ಲಕ್ಷ ಟನ್ ಆಯಿತು. ನಮ್ಮ ಇಡೀ ದೇಶದ್ದು ಆಗ ಸುಮಾರು 3 ಲಕ್ಷ ಟನ್.

ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಸೂಚಕ ಬೆಲೆ 1997ರಲ್ಲಿ ಪೌಂಡಿಗೆ ಸುಮಾರು 134 ಸೆಂಟ್ ಇದ್ದದ್ದು 2001ರಲ್ಲಿ ಸುಮಾರು 46 ಸೆಂಟಿಗೆ ಬಂತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ ತೋಟಗಳು ಆ ವರ್ಷ ಇದ್ದವು. ಕಾಫಿ ಹೋದರೆ ಮೆಣಸಿದೆ ಎಂದು ಬೆಳ್ಳಿಓಕಿನ ಮರಗಳನ್ನು ನೋಡಿಕೊಂಡಿದ್ದವರಿಗೆ, ಮೆಣಸಿನಲ್ಲೂ ಅದೇ ವಿಯೆಟ್ನಾಂ ಎದುರಾಯಿತು. ಅಡಿಕೆಯ ಬೆಲೆಯೂ ಅದೇ ಹೊತ್ತಿನಲ್ಲಿ ನೆಲ ಕಚ್ಚಿತು. ಅಲ್ಲಿ ನಾವೇ ನೆಟ್ಟ ಹೊಸ ತೋಟಗಳ ಪಾಲೂ ಇತ್ತು.

ವಿಯೆಟ್ನಾಮಿನವರನ್ನು ಬೈಯುವುದು ನಮ್ಮ ಸಭೆಗಳಲ್ಲಿ ವಾಡಿಕೆ. ಈ ಲೇಖಕನಿಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಅಲ್ಲಿಯ ಬೆಳೆಗಾರ ಎರಡು ಮೂರು ಎಕರೆಯವನು, ಬಡತನದಿಂದ ಮೇಲೇಳಲು ಹೊರಟವನು. 2001ರಲ್ಲಿ ಅವನೂ ಸಾಲಕ್ಕೆ ಸಿಕ್ಕಿ ಗಿಡ ಕಡಿದಿದ್ದಾನೆ. ಬಡ ದೇಶಗಳು ಒಂದರ ನಂತರ ಒಂದು ಅದೇ ನಾಲ್ಕು ಬೆಳೆಗಳನ್ನು ಹಿಡಿದು ಮೇಲೇರಲು ಹೊರಟರೆ ಹೀಗಾಗುತ್ತದೆ. ಬೇಡಿಕೆ ನಿಧಾನವಾಗಿ ಬೆಳೆಯುತ್ತದೆ, ಗಿಡ ಮೂರು ವರ್ಷದಲ್ಲಿ ಫಲ ಕೊಡುತ್ತದೆ.

ಕೊರಿಯದ ಹಾದಿ ಬೇರೆಯಾಗಿತ್ತು. 1997ರ ಕೊನೆಗೆ ಅದೂ ನಿಧಿಯ ಮುಂದೆ ಕೈಯೊಡ್ಡಿತು. 1998ರ ಮೊದಲಲ್ಲಿ ಲಕ್ಷಾಂತರ ಕುಟುಂಬಗಳು ಮದುವೆಯ ಉಂಗುರ, ಮಗುವಿನ ಹುಟ್ಟುಹಬ್ಬದ ಬಂಗಾರವನ್ನೂ ತಂದು ಸಾಲು ನಿಂತು ದೇಶದ ಖಜಾನೆಗೆ ಮಾರಿದವು. ಹೀಗೆ ಕೂಡಿದ್ದು ಸುಮಾರು 227 ಟನ್ ಚಿನ್ನ. ಅದರಿಂದಲೇ ಸಾಲ ತೀರಲಿಲ್ಲ. ಸಾಲದ ಮೇಲೆ ಸಾಲ ಮಾಡಿ ಉಬ್ಬಿದ್ದ ದೊಡ್ಡ ಕಂಪೆನಿಗಳನ್ನು ಮುಳುಗಲು ಬಿಟ್ಟರು, ದೇವೂ ಸಮೂಹ 1999ರಲ್ಲಿ ಕುಸಿಯಿತು. ಅನೇಕರು ಕೆಲಸ ಕಳೆದುಕೊಂಡರು. ಉಳಿದ ಕಂಪೆನಿಗಳು ಅಗ್ಗದ ಮಾಲನ್ನು ಬಿಟ್ಟು ಹೊಸ ತಂತ್ರಜ್ಞಾನಕ್ಕೆ ಹೋದವು. 2001ರ ಆಗಸ್ಟಿನಲ್ಲಿ ನಿಧಿಯ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿದರು. ಅದೇ ವರ್ಷ ನಮ್ಮ ಕಾಫಿ ಪಾತಾಳದಲ್ಲಿತ್ತು. ದೊಡ್ಡನೆಕ್ಕುಂದಿಯಲ್ಲಿ ಅವರ ಕಂಪೆನಿಗೆ ನಮ್ಮ ಹುಡುಗರ ಬುದ್ಧಿ ಬೇಕಾದದ್ದು, ಅವರು ಕಚ್ಚಾ ಮಾಲನ್ನು ನೆಚ್ಚಿ ಕೂರದೆ ಇದ್ದುದರಿಂದ.

ಅಡಿಕೆಯವರ ಗಮನಕ್ಕೆ

ಅಡಿಕೆಯನ್ನು ನಾವೇ ಬೆಳೆದು ನಾವೇ ತಿನ್ನುತ್ತೇವೆ, ನಮಗೆ ಹೊರಗಿನ ಸುದ್ದಿ ಏಕೆ ಎನ್ನುವ ಸದಸ್ಯರಿದ್ದಾರೆ. 1970ರ ದಶಕದ ಆದಿಯಲ್ಲಿ ಬೆಲೆ ಕುಸಿದಾಗ ಈ ಮಾತು ಸಲ್ಲುತ್ತಿತ್ತು. ಆಗ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು, ಸಹಕಾರಿ ಸಂಸ್ಥೆಯೇ ಮಾರುಕಟ್ಟೆಗಿಳಿದು ಖರೀದಿ ಮಾಡಿತು. ಇಂದು ಹಾಗಿಲ್ಲ. 1998ರ ಡಿಸೆಂಬರಿನಲ್ಲಿ ಸಹಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದವು 2000ದಲ್ಲಿ ಜಾರಿಗೆ ಬಂದಂದಿನಿಂದ ಮೆಣಸು, ಅಡಿಕೆಗಳ ಬೆಲೆಯಲ್ಲಿ ಕೊಲಂಬೊ ಬಂದರಿನ ಹೆಸರು ಕೇಳಿಬರುತ್ತಿದೆ.

ಆ ಶ್ರೀಲಂಕಾ 2022ರಲ್ಲಿ ಮುಗ್ಗರಿಸಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಲ್ಲಿಸಿ ಭತ್ತವನ್ನೂ ಚಹವನ್ನೂ ಕಳೆದುಕೊಂಡರು. ಪ್ರವಾಸಿಗರಿಂದ ಬರುವ ಹಣ ಕೊರೊನಾದಿಂದ ನಿಂತಿತ್ತು. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾಗದೆಂದು ಘೋಷಿಸಿದರು. ಡಾಲರಿಗೆ ಸುಮಾರು 200 ಇದ್ದ ಅವರ ರೂಪಾಯಿ ಮೇ ತಿಂಗಳಿಗೆ 360ರ ಸಮೀಪ ಹೋಯಿತು. ಲಾಂಪುಂಗಿನ ಲೆಕ್ಕವನ್ನು ಇಲ್ಲಿ ಮತ್ತೆ ಮಾಡಿ ನೋಡಬಹುದು: ನಮ್ಮ ರೂಪಾಯಿಯ ಲೆಕ್ಕದಲ್ಲಿ ಅಗ್ಗವಾಗಿ ಮಾರಿದರೂ ಅಲ್ಲಿಯವನಿಗೆ ಲಾಭವೇ. ಪೂರ್ವದಲ್ಲಿ ಮ್ಯಾನ್ಮಾರಿನ ನಾಣ್ಯವೂ 2021ರ ಸೈನಿಕ ಕ್ರಾಂತಿಯ ನಂತರ ಬಿದ್ದಿತು; ಮಿಜೋರಾಂ ಗಡಿಯಲ್ಲಿ ಅಡಿಕೆ ಕಳ್ಳಸಾಗಣೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಇಂಥ ಕಾಲಕ್ಕೆಂದೇ ಕನಿಷ್ಠ ಆಮದು ಬೆಲೆ ಎಂಬ ತಡೆ ಇರುವುದು. ಅದಕ್ಕಿಂತ ಕಡಿಮೆ ಬೆಲೆಗೆ ಅಡಿಕೆ ತರುವಂತಿಲ್ಲ. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದುದನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಿದರು. ತಡೆ ಒಳ್ಳೆಯದೇ. ಆದರೆ ಅದು ಕಾಗದ ತೋರಿಸಿ ಬರುವವನಿಗೆ ಮಾತ್ರ ತಡೆ, ರಾತ್ರಿ ಲಾರಿಯಲ್ಲಿ ಬರುವವನಿಗೆ ಅಲ್ಲ.

ಸಾಲವನ್ನು ಚೀಲದಲ್ಲಿ ಅಳೆಯುವುದು

ವಿಯೆಟ್ನಾಮಿನ ಬರಗಾಲದಿಂದ 2024–25ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿ, ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಿದಾಗ, 1997ರ ಮಾತುಗಳೇ ಮತ್ತೆ ಕೇಳಿಬಂದವು. ತೋಟ ಕೊಳ್ಳುವುದು, ಗದ್ದೆಗೆ ಕಾಫಿ ನೆಡುವುದು, ಊರಿನಲ್ಲಿ ಮನೆ ಕಟ್ಟುವುದು. ಇವುಗಳನ್ನು ಮಾಡಬೇಡಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ 1990ರ ದಶಕದ ಒಳ್ಳೆಯ ಬೆಲೆಯನ್ನು ನಂಬಿ ಮಾಡಿದ ಸಾಲಕ್ಕೆ ಏನಾಯಿತೆಂದರೆ, ಸಣ್ಣ ಕಾಫಿ ಬೆಳೆಗಾರರಿಗೆಂದು ಕೇಂದ್ರ ಸರ್ಕಾರವು 2010ರಲ್ಲಿಯೂ ಸಾಲ ಪರಿಹಾರ ಯೋಜನೆ ತರಬೇಕಾಗಿತ್ತು. ಎರಡು ಮೂರು ವರ್ಷದ ಸುಗ್ಗಿಯ ಸಾಲ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡಿತು.

ಆದಕಾರಣ ಸಾಲದ ಕಂತನ್ನು ರೂಪಾಯಿಯಲ್ಲಿ ಬರೆದಿಡುವುದರ ಜೊತೆಗೆ ಚೀಲದಲ್ಲಿಯೂ ಬರೆದಿಡುವುದು ಲೇಸು. ವರ್ಷದ ಕಂತು 60,000 ರೂಪಾಯಿ ಎನ್ನೋಣ. ಐವತ್ತು ಕಿಲೋ ಚೆರ್ರಿ ಚೀಲಕ್ಕೆ 6,000 ರೂಪಾಯಿ ಬೆಲೆ ಇದ್ದರೆ ಹತ್ತು ಚೀಲ ಸಾಕು. ಬೆಲೆ 2,000ಕ್ಕೆ ಬಂದರೆ ಮೂವತ್ತು ಚೀಲ ಬೇಕು. ಕಣದಲ್ಲಿ ಒಟ್ಟು ಆಗುವುದೇ ಐವತ್ತು ಚೀಲವಾದರೆ ಕೊಯ್ಲಿಗೆ, ಗೊಬ್ಬರಕ್ಕೆ, ಮನೆಗೆ ಉಳಿಯುವುದು ಇಪ್ಪತ್ತು. ಥಾಯ್ಲೆಂಡಿನ ಕಂಪೆನಿಗಳಿಗೆ ಡಾಲರಿನ ಕೊಳಗ ದೊಡ್ಡದಾದಂತೆ ನಮಗೆ ಚೀಲದ ಕೊಳಗ ದೊಡ್ಡದಾಗುತ್ತದೆ. ನಮ್ಮ ಸಾಲ ರೂಪಾಯಿಯದೇ ಇರಬಹುದು, ತೀರಿಸುವ ವಸ್ತುವಿನ ಬೆಲೆ ಹೊರದೇಶದ್ದು.

ಮುಂದಿನ ತಿಂಗಳ ಅಧ್ಯಯನ ಸಭೆಗೆ ಬರುವ ಸದಸ್ಯರು ಹಳೆಯ ಕ್ಯೂರಿಂಗ್ ಚೀಟಿ, ಮಂಡಿ ಪಟ್ಟಿಗಳು ಮನೆಯಲ್ಲಿದ್ದರೆ ತರಬೇಕಾಗಿ ವಿನಂತಿ. 1997, 2001 ಮತ್ತು 2024ನೆಯ ವರ್ಷಗಳಲ್ಲಿ ತಮ್ಮ ಒಂದು ಚೀಲ ಕಾಫಿ ಅಥವಾ ಒಂದು ಕ್ವಿಂಟಾಲ್ ಅಡಿಕೆಗೆ ಬಂದ ಹಣ, ಅದೇ ವರ್ಷದ ಆಳಿನ ಕೂಲಿ, ಒಂದು ಚೀಲ ಯೂರಿಯಾದ ಬೆಲೆ, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ತಂದರೆ, ಒಂದು ಚೀಲ ಕಾಫಿಗೆ ಎಷ್ಟು ದಿನದ ಕೂಲಿ ಸಿಗುತ್ತಿತ್ತು, ಈಗ ಎಷ್ಟು ಸಿಗುತ್ತದೆ ಎಂಬುದನ್ನು ಎಲ್ಲರೂ ಕೂಡಿ ಲೆಕ್ಕ ಹಾಕೋಣ. ಚೀಟಿ ಸಿಗದವರು ಮನೆಯ ಹಿರಿಯರನ್ನು ಕೇಳಿ ಬರೆದು ತಂದರೂ ಆದೀತು.